ಮೆಮೊರಿ ಕಡಿಮೆ ಮಾಡಿದ ನೆಗೆಣ್ಣಿ

ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ಒಂದು ಸಾರು ಹದಕ್ಕೆ ಬರಲು ಎರಡು ಮೂರು ದಿನ ಹಿಡಿಯುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ, ಬಂದು ಉಂಡು ನೋಡಿ! ಇದಕ್ಕೆ ಕಾರಣ ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಕಲಬುರಗಿ ಕಡೆಯವಳು. ನಾನು ಅಕ್ಕ ಎನ್ನುತ್ತೇನೆ. ಇಲ್ಲೇ ಪಕ್ಕದ ಸಿಕಂದರಾಬಾದಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಾಳೆ. ಸರ್ವರ್ ಕುಂಟತೊಡಗಿದರೆ ಅದನ್ನು ಓಡುವಂತೆ ಮಾಡುವುದೂ ಅವಳದೇ ಕೆಲಸ. ಅದಕ್ಕೆ ಅವಳ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಕಾದು ನೋಡುವುದು. ಲ್ಯಾಬಿಗೆ ಅದು ಒಳ್ಳೆಯ ನಿಯಮವೇ ಇರಬಹುದು. ಟಿಫಿನ್ ಡಬ್ಬಿಯ ಜೊತೆ ಅದನ್ನು ಮನೆಗೂ ತರಬೇಕೆ?

ನಾನು ಮದುವೆಯಾಗಿ ಬಂದ ಹೊಸತು. ಊಟಕ್ಕೆ ಕುಳಿತ ಮಾವ, "ಸಾರು ಸಪ್ಪಗ ಐತೆವಾ. ಹುಳೀನೂ ಕಮ್ಮಿ ಆಗೇತಿ" ಎಂದರು. ಅಕ್ಕ ಎದ್ದುಹೋಗಿ ಉಪ್ಪು ಹಾಕಿ ಬಂದು ಕುಳಿತಳು.

"ಹುಳಿ?"

"ಅದನ್ನ ನಾಳೆ ನೋಡೂಣ್ರಿ ಮಾವಾರ. ಎರಡೂ ಒಮ್ಮೆ ಹಾಕಿದ್ರ ರುಚಿ ಯಾವುದರಿಂದ ಬಂತಂತ ಹೆಂಗ ತಿಳೀಬೇಕು?"

"ತಿಳಕೊಂಡು ನಾನೇನು ಪರೀಕ್ಷಾ ಬರೀಬೇಕಾಗೇತೇನು?" ಎಂದು ಮಾವ ಮಜ್ಜಿಗೆಯ ಪಾತ್ರೆಯನ್ನು ಎಳೆದುಕೊಂಡರು.

ಒಮ್ಮೆ ಅತ್ತೆಗೆ ನಿದ್ದೆ ಬಾರದಾಯಿತು. ದಿಂಬು ಎತ್ತರವಾಯಿತೆಂದು ಮಾವ, ಫ್ಯಾನಿನ ಸದ್ದೆಂದು ನನ್ನ ಗಂಡ, ಸಂಜೆಯ ಚಹಾ ಬಿಟ್ಟರೆ ಸರಿಹೋಗುತ್ತದೆಂದು ನಾನು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ದಿಂಬಿನಿಂದ ಶುರುಮಾಡಿದಳು. ಪ್ರಯೋಜನವಾಗಲಿಲ್ಲ. ಮರುದಿನ ಫ್ಯಾನಿಗೆ ಎಣ್ಣೆ ಬಿಡಿಸಿದಳು. ಅಂದು ಅತ್ತೆ ಇಡೀ ಮನೆಗೆ ಕೇಳುವಂತೆ ಗೊರಕೆ ಹೊಡೆದರು. ಫ್ಯಾನೇ ಕಾರಣವೆಂದು ಅಕ್ಕ ತೀರ್ಮಾನ ಕೊಟ್ಟು ಕೆಲಸಕ್ಕೆ ಹೋದಳು. ಅತ್ತೆ ನನ್ನನ್ನು ಒಳಗೆ ಕರೆದು ಪಿಸುಗುಟ್ಟಿದರು: "ನಿದ್ದಿ ಎಲ್ಲಿ ಬಂತವಾ? ನಿನ್ನೀನೂ ಬರಲಿಲ್ಲ ಅಂದಿದ್ರ ಇವತ್ತ ಚಹಾ ಬಂದ್ ಮಾಡ್ತಿದ್ಲು. ಅದಕ್ಕ ಗೊರಕಿ ಹೊಡದೆ."

ಹೀಗೆ ನಗುತ್ತಾ ಇದ್ದ ಮನೆಗೆ ಈ ಮಳೆಗಾಲ ಜ್ವರ ಬಂತು. ಅತ್ತೆ ಹಾಸಿಗೆ ಹಿಡಿದರು. ಡೆಂಗಿ ಇರಬಹುದು, ರಕ್ತದ ವರದಿ ನೋಡಿ ಆಸ್ಪತ್ರೆಗೆ ಸೇರಿಸುವ ಮಾತು ಎಂದರು ಡಾಕ್ಟರು. ಬೆಳಿಗ್ಗೆ ಅಕ್ಕನ ಲ್ಯಾಬಿನವರೇ ಮನೆಗೆ ಬಂದು ರಕ್ತ ತೆಗೆದುಕೊಂಡು ಹೋದರು. ಮಧ್ಯಾಹ್ನ ವರದಿ ತರಲು ನಾನು ಹೋದರೆ, ಲ್ಯಾಬಿನ ಮುಂದೆ ಸಂತೆಯಂತೆ ಜನ. ಪರೀಕ್ಷೆಗಳೆಲ್ಲ ಮುಗಿದಿದ್ದವು, ವರದಿ ಮಾತ್ರ ಒಂದೂ ಹೊರಬರುತ್ತಿರಲಿಲ್ಲ.

ಹಿಂದಿನ ದಿನವಷ್ಟೇ ಮಾಲೀಕರು ಸರ್ವರಿಗೆ ಹೊಸ ಮೆಮೊರಿ ಹಾಕಿಸಿದ್ದರಂತೆ. ಪದೇಪದೇ ಬೇಕಾಗುವ ಮಾಹಿತಿಯನ್ನು ಪ್ರತಿ ಸಲ ಡಿಸ್ಕಿನಿಂದ ಎಳೆಯದೆ ಕೈಗೆ ಸಿಗುವಂತೆ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ ಡೇಟಾಬೇಸಿಗೆ ಇರುತ್ತದೆ. ಅದಕ್ಕೆ ಬಫರ್ ಎನ್ನುತ್ತಾರೆ. ಮೆಮೊರಿ ಹಾಕಲು ಬಂದಿದ್ದವನು ಉದಾರಿ. ಹಳೆಯದು ಹೊಸದು ಎನ್ನದೆ ಇದ್ದುದನ್ನೆಲ್ಲ ಬಫರಿಗೇ ಬರೆದುಕೊಟ್ಟು ಹೋಗಿದ್ದ. ಅಂದಿನಿಂದ ಸರ್ವರ್ ಮಲಗಿಬಿಟ್ಟಿತ್ತು.

ನಾನು ಒಳಗೆ ನುಸುಳಿದರೆ, ಅಕ್ಕ ಪರದೆಯ ಮುಂದೆ ಕೆನ್ನೆಗೆ ಕೈಯಿಟ್ಟು ಕುಳಿತಿದ್ದಳು. ಮ್ಯಾನೇಜರು ಅವಳ ಕುರ್ಚಿಯ ಸುತ್ತ ತಿರುಗುತ್ತಿದ್ದರು. ನಾನು ಅವಳ ಕಿವಿಯಲ್ಲಿ, "ಅಕ್ಕಾ, ನಮ್ಮದೊಂದಾದ್ರೂ ಪರೀಕ್ಷಾ ಮಾಡಿದವರ್ನ ಬಾಯಿಲೆ ಕೇಳಿಕೊಂಡ ಬಾ. ಅತ್ತಿ ಭಾಳ ಸುಸ್ತಾಗ್ಯಾರ" ಎಂದೆ.

ಅವಳು ತಿರುಗಿ ನೋಡಲಿಲ್ಲ. "ಹೊರಗ ನಿಂತವರ ಮನ್ಯಾಗೂ ಜ್ವರ ಐತಿ. ಸ್ವಲ್ಪ ತಡಿ."

"ಹಂಗಾದ್ರ ಏನೇನು ಬದಲಿ ಮಾಡೂದೈತಿ ಎಲ್ಲಾ ಒಮ್ಮೆ ಮಾಡಿಬಿಡು."

"ಒಂದ ಮಾಡ್ತೀನಿ. ಬಫರ್ ಕಮ್ಮಿ ಮಾಡಾಕತ್ತೀನಿ."

ಮ್ಯಾನೇಜರು ನಿಂತಲ್ಲೇ ನಿಂತರು. "ಏಂಟಿ ಮೇಡಂ ಇದಿ?" ಎಂದು ತೆಲುಗಿನಲ್ಲಿ ಕೇಳಿ, ಜಾಸ್ತಿಯಾಗಲಿ ಎಂದು ತಂದದ್ದನ್ನು ಕಡಿಮೆ ಮಾಡುತ್ತೀರಾ ಎಂದು ಹಿಂದಿಯಲ್ಲಿ ಗೋಳಾಡಿದರು. ವರದಿ ಮುದ್ರಿಸುವ ಪ್ರೋಗ್ರಾಮೂ ಅದೇ ಸರ್ವರಿನಲ್ಲಿದೆ, ಅದಕ್ಕೂ ಉಳಿದ ಕೆಲಸಗಳಿಗೂ ಮೆಮೊರಿಯಲ್ಲಿ ಜಾಗವೇ ಉಳಿದಿಲ್ಲ, ಅದಕ್ಕೇ ಸರ್ವರ್ ಸಾಮಾನನ್ನೆಲ್ಲ ಡಿಸ್ಕಿಗೆ ಹೊತ್ತು ಹಾಕುತ್ತ, ಮತ್ತೆ ಹೊತ್ತು ತರುತ್ತ ಸಾಯುತ್ತಿದೆ ಎಂದು ಅಕ್ಕ ಹೇಳಿ, ಬಫರನ್ನು ಇಳಿಸಿ ಡೇಟಾಬೇಸನ್ನು ಮತ್ತೆ ಶುರುಮಾಡಿದಳು.

ಏನೂ ಆಗಲಿಲ್ಲ. ಮೊದಲ ವರದಿ ಇನ್ನೂ ತಡ ಮಾಡಿತು. ಹೊರಗಿನವರು ಬಾಗಿಲು ಬಡಿಯತೊಡಗಿದರು. ಬಫರನ್ನು ಮೊದಲಿನಂತೆಯೇ ಮಾಡಿಬಿಡಿ ಎಂದು ಮ್ಯಾನೇಜರು ಕೈಮುಗಿದರು. ಅಕ್ಕ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ಈಗಷ್ಟ ಎದ್ದೈತಿ, ಬಫರ್ ಖಾಲಿ ಐತಿ. ತುಂಬಲಿ, ಮುಟ್ಟಬ್ಯಾಡ್ರಿ."

ನನಗೆ ಅವಳ ಮೇಲೆ ನಿಜವಾಗಿಯೂ ಸಿಟ್ಟು ಬಂತು. ಅಷ್ಟರಲ್ಲಿ ಪ್ರಿಂಟರ್ ಕೆಮ್ಮಿತು. ಒಂದು ಹಾಳೆ ಬಂತು, ಇನ್ನೊಂದು ಬಂತು, ಆಮೇಲೆ ಹಾಳೆ ತುಂಬಿಸಲು ಮ್ಯಾನೇಜರೇ ಓಡಬೇಕಾಯಿತು. ನಮ್ಮ ವರದಿ ಅದರ ಸರದಿಯಲ್ಲೇ ಬಂತು. ಅಕ್ಕ ಅದನ್ನು ಓದಿ ಬ್ಯಾಗು ತೆಗೆದುಕೊಂಡು ಎದ್ದಳು. ಅತ್ತೆಯನ್ನು ಅಂದೇ ಆಸ್ಪತ್ರೆಗೆ ಸೇರಿಸಿದೆವು.

ಅಲ್ಲಿ ನೋಡಬೇಕಿತ್ತು ನೀವು ಅವಳನ್ನು. ದಾಳಿಂಬೆ ಬಿಡಿಸಿದಳು, ಹಣೆಗೆ ವಿಭೂತಿ ಹಚ್ಚಿದಳು, ದರ್ಗಾದ ದಾರ ತಂದು ಕೈಗೆ ಕಟ್ಟಿದಳು, ಒದ್ದೆ ಬಟ್ಟೆಯಿಂದ ಮೈ ಒರೆಸಿದಳು, ಬಿಸಿಲು ಬೀಳುತ್ತದೆಂದು ಮಂಚ ಸರಿಸಿದಳು. ಇಷ್ಟೂ ಒಂದೇ ಬೆಳಿಗ್ಗೆ. ಪಪ್ಪಾಯಿ ಎಲೆಯ ರಸದ ಬಾಟಲಿಯನ್ನು ಮಾತ್ರ ನರ್ಸಮ್ಮ ಕಸಿದುಕೊಂಡರು.

ಜ್ವರ ಇಳಿದ ದಿನ ಅತ್ತೆ ಕಣ್ಣು ಬಿಟ್ಟು ಸುತ್ತ ನೋಡಿದರು. ಸ್ಟೂಲಿನ ಮೇಲೆ ಕುಳಿತಿದ್ದ ಅಕ್ಕನ ಕೂದಲು ಕೆದರಿ ಹೋಗಿತ್ತು.

"ಇಲ್ಲಿ ಬಾ. ಇದೇನ ಅವತಾರ, ತಲಿ ಬಾಚಿಲ್ಲೇನು?"

ಒಂದು ಕೈಗೆ ಸಲೈನಿನ ಸೂಜಿ ಇತ್ತು. ಇನ್ನೊಂದು ಕೈಯಿಂದ ಅವರು ಅವಳ ಕೂದಲನ್ನು ಹಿಂದಕ್ಕೆ ಸರಿಸಿದರು. ಅಷ್ಟು ಜನ ಬಾಗಿಲು ಬಡಿದಾಗ ಕದಲದವಳು ಹಾಸಿಗೆಯ ಅಂಚಿನಲ್ಲಿ ಮುಖವಿಟ್ಟು ಅಳತೊಡಗಿದಳು.

"ಹುಚ್ಚಿ, ನಾ ಇಲ್ಲೇ ಅದೀನಲ್ಲ" ಎಂದರು ಅತ್ತೆ. ಸುಸ್ತಾದ ಬೆರಳುಗಳಿಂದ ಒಂದೊಂದೇ ಸಿಕ್ಕು ಬಿಡಿಸುತ್ತ ಹೋದರು. ನಾನು ಬಾಚಣಿಗೆ ಹುಡುಕುವ ನೆಪದಲ್ಲಿ ಬ್ಯಾಗಿನೊಳಗೆ ತಲೆ ತೂರಿಸಿದೆ.