ಮೈಸೂರಿಗೆ ಹೊರಟ ಚೀಲ

ನಮ್ಮ ಮಾವನಷ್ಟು ಸಲ ಮೈಸೂರಿಗೆ ಹೊರಟವರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ದಯವಿಟ್ಟು ಗಮನಿಸಿ, ‘ಹೊರಟವರು’ ಎಂದೆ. ‘ಹೋದವರು’ ಎನ್ನಲಿಲ್ಲ. ಹೋಗುವುದರಲ್ಲಿ ಏನಿದೆ? ಟಿಕೆಟ್ ತೆಗೆದುಕೊಂಡು ಕೂತರೆ ಬಸ್ಸೇ ಕೊಂಡೊಯ್ದು ಇಳಿಸುತ್ತದೆ. ಹೊರಡುವುದಿದೆಯಲ್ಲ, ಅದು ವಿದ್ಯೆ! ಆ ವಿದ್ಯೆಯಲ್ಲಿ ನಮ್ಮ ಮಾವನನ್ನು ಮೀರಿಸುವವರಿಲ್ಲ.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಜೀವಮಾನವೆಲ್ಲ ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟರಾಗಿದ್ದವರು. ಬೆಳಗಿನಿಂದ ಸಂಜೆಯವರೆಗೆ ಊರಿನವರನ್ನೆಲ್ಲ ಕೂಗಿ ಕರೆದು, ಹತ್ತಿಸಿ, ಬಾಗಿಲು ಬಡಿದು, “ರೈಟ್!” ಎಂದು ಕಳಿಸಿಕೊಟ್ಟು, ತಾವು ಮಾತ್ರ ಅಲ್ಲೇ ನಿಂತವರು. ನಿವೃತ್ತರಾದ ಮೇಲೂ ಆ ಕಂಠ ನಿವೃತ್ತವಾಗಿಲ್ಲ. ಮನೆಯಲ್ಲಿ ಎಲೆ ಹಾಕಿದರೆ, “ಊಟ ಊಟ ಊಟ! ಕೂತ್ಕೊಳ್ಳಿ, ಕೂತ್ಕೊಳ್ಳಿ, ಹಿಂದೆ ಜಾಗ ಉಂಟು!” ಎನ್ನುತ್ತಾರೆ. ಊಟಕ್ಕೆ ಬಂದ ನೆಂಟರು ಗಾಬರಿಯಿಂದ ಚಿಲ್ಲರೆ ಹುಡುಕುವುದನ್ನು ನಾನೇ ಕಂಡಿದ್ದೇನೆ.

ಇಂಥವರಿಗೆ ಮೈಸೂರು ಗೊತ್ತಿರುವಷ್ಟು ಮೈಸೂರಿನವರಿಗೂ ಗೊತ್ತಿಲ್ಲ. ಒಮ್ಮೆ ಮೈಸೂರಿನ ಯಾತ್ರಿಕರೊಬ್ಬರು ಶೃಂಗೇರಿ ಬಸ್ಸಿಗೆ ಕಾಯುತ್ತಿದ್ದರು. ಅವರ ಮನೆಯಿಂದ ಮಾರುಕಟ್ಟೆಗೆ ಹೋಗಲು ಯಾವ ಗಲ್ಲಿ ಹತ್ತಿರ ಎಂದು ಮಾವ ಅವರಿಗೇ ಪಾಠ ಮಾಡಿದರು. ಆ ಮನುಷ್ಯ ಬೆರಗಾಗಿ ಕೇಳಿದರು: “ನೀವು ಮೈಸೂರಲ್ಲಿ ಎಲ್ಲಿದ್ರಿ ಸಾರ್?”

“ನಾನಾ? ಇಲ್ಲೇ, ಈ ಕಂಬದ ಹತ್ರ.”

ಪ್ರಯಾಣಿಕರು ಹೇಳಿದ್ದು, ಡ್ರೈವರುಗಳು ಹೇಳಿದ್ದು, ಎಲ್ಲವನ್ನೂ ಆ ಕಂಬಕ್ಕೆ ಒರಗಿ ನಿಂತೇ ಸಂಗ್ರಹಿಸಿದ್ದರು.

ಇರಲಿ. ನನ್ನ ಸಿಟ್ಟು ಅದಕ್ಕಲ್ಲ. ನನ್ನ ಸಿಟ್ಟಿಗೆ ಗಟ್ಟಿಯಾದ ಐತಿಹಾಸಿಕ ಕಾರಣವಿದೆ. ಮಾವ ನನ್ನನ್ನು ಚಿಕ್ಕಂದಿನಲ್ಲಿ ಮೈಸೂರಿಗೆ ಕರೆದೊಯ್ದಿದ್ದರು. ಅತ್ತೆಯನ್ನು ಕರೆದೊಯ್ಯಲಿಲ್ಲ! ಮದುವೆಯಾದ ವರ್ಷವೇ ಅರಮನೆಯ ದೀಪ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರಂತೆ. ಅತ್ತೆಗೆ ಈಗ ಮೆಟ್ಟಿಲು ಕಂಡರೆ ಮಂಡಿ ನಡುಗುತ್ತದೆ, ದೀಪ ಇನ್ನೂ ಕಂಡಿಲ್ಲ. ಅಳಿಯನನ್ನು ಹೆಗಲ ಮೇಲೆ ಕೂರಿಸಿಕೊಂಡು ಅರಮನೆ ತೋರಿಸಿದವರು ಹೆಂಡತಿಯನ್ನು ಒಲೆಯ ಮುಂದೆ ಬಿಟ್ಟು ಹೋದದ್ದು ಯಾವ ನ್ಯಾಯ?

ಇಲ್ಲಿ ನನ್ನ ಬಗ್ಗೆ ಒಂದು ಮಾತು. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಕೊಪ್ಪದಲ್ಲಿ ಅದನ್ನೇ ಪಾಠ ಮಾಡುವವನು. ಓದಿದ್ದರ ಫಲವೆಂದರೆ ಯಾರ ಮಾತನ್ನೂ ನಂಬುವುದಿಲ್ಲ. ನನ್ನದನ್ನೂ! ಮನೆಗೆ ಬೀಗ ಹಾಕಿದ್ದು ನೆನಪಿದ್ದರೂ ಆ ನೆನಪಿಗೆ ಆಧಾರವೇನು ಎಂದು ಅರ್ಧ ದಾರಿಯಿಂದ ಹಿಂದಿರುಗುತ್ತೇನೆ. ನನ್ನ ಹೆಂಡತಿಗೆ ಇದು ಅಭ್ಯಾಸವಾಗಿದೆ. ಅವಳು ಅರ್ಧ ದಾರಿಯಲ್ಲೇ ನಿಂತು ಕಾಯುತ್ತಾಳೆ. ಆದರೆ ಮೈಸೂರಿನ ನೆನಪೊಂದನ್ನು ಮಾತ್ರ ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಬಲ್ಲೆ. ಮಾವನ ಹೆಗಲು. ಎದುರಿಗೆ ಕತ್ತಲು. ಆ ಕತ್ತಲಲ್ಲಿ ಅರಮನೆಯ ದೀಪಗಳು ಒಂದು ಮೂಲೆಯಿಂದ ಒಂದೊಂದಾಗಿ ಹೊತ್ತುತ್ತಾ ಬರುತ್ತಿದ್ದವು. ಬೇಸಿಗೆ ರಜೆಯಾದರೂ ವಿಪರೀತ ಚಳಿ, ನಾನು ಕಂಬಳಿ ಹೊದ್ದಿದ್ದೆ. ಎಲ್ಲಕ್ಕಿಂತ ಮುಖ್ಯ, ಅರಮನೆಗೆ ನೀಲಗಿರಿ ಎಣ್ಣೆಯ ವಾಸನೆಯಿತ್ತು. ಅರಸರು ಕಂಬಗಳಿಗೆ ಬಳಿಸುತ್ತಿದ್ದರೇನೋ ಎಂದುಕೊಂಡಿದ್ದೇನೆ. ಇಷ್ಟು ವಿವರ ಕೊಡುವ ಸಾಕ್ಷಿ ಸುಳ್ಳು ಹೇಳುತ್ತಾನೆಯೇ?

ಅಂತೂ ಈ ಸಲ ಅತ್ತೆಗೆ ದೀಪ ತೋರಿಸಲೇಬೇಕೆಂದು ನಾನು ಪಟ್ಟು ಹಿಡಿದೆ. ಮಾವ ಕೂಡಲೇ ಒಪ್ಪಿದರು. ಅವರು ಒಪ್ಪದ ದಿನ ಯಾವುದಿದೆ? “ಆದ್ರೆ ಫ್ಯಾಮಿಲಿ ಟೂರು ಮಾರಾಯ. ವಯಸ್ಸಾದವ್ರು, ಮಕ್ಕಳು, ವಾಂತಿ ಮಾಡೋರು, ಎಲ್ರಿಗೂ ಆಗ್ಬೇಕು. ಸುಮ್ನೆ ಹೊರಟ್ರೆ ಆಗ್ತದಾ? ಪ್ರಾಕ್ಟೀಸ್ ಬೇಕು.”

ಪ್ರಾಕ್ಟೀಸ್! ನೀವು ಎಲ್ಲಾದರೂ ಕೇಳಿದ್ದೀರಾ, ಪ್ರವಾಸಕ್ಕೆ ತಾಲೀಮು?

ಮೊದಲ ತಾಲೀಮು ಶೃಂಗೇರಿಯಲ್ಲಿ. ಅರಮನೆಯೊಳಗೆ ಹೋಗುವಾಗ ಚಪ್ಪಲಿ ಬಿಡಬೇಕಾಗುತ್ತದೆ, ಜನಸಂದಣಿಯಲ್ಲಿ ಅದನ್ನು ಮತ್ತೆ ಹುಡುಕುವ ಅಭ್ಯಾಸವಿರಬೇಕು ಎಂಬುದು ಮಾವನ ತರ್ಕ. ಯಾತ್ರಿಕರು ಕಿಕ್ಕಿರಿದ ದಿನ ನೋಡಿ ಕರೆದೊಯ್ದು, ನಮ್ಮೆಲ್ಲರ ಚಪ್ಪಲಿಗಳನ್ನು ಬೇರೆ ಬೇರೆ ಕಡೆ ಬಿಡಿಸಿ, ಊಟದ ಸಾಲಿನಲ್ಲಿ ನಿಲ್ಲಿಸಿ, ಹೊರಬಂದ ಮೇಲೆ “ಈಗ ಹುಡುಕಿ!” ಎಂದರು. ನನ್ನ ಪುಟ್ಟ ಮಗಳಿಗೆ ಅವಳದು ಸಿಕ್ಕಿತು, ಹೆಂಡತಿಗೆ ಅವಳದು ಸಿಕ್ಕಿತು, ನನಗೆ ನನ್ನದು. ಸಿಗದೇ ಹೋದದ್ದು ಮಾವನ ಹೊಸ ಚಪ್ಪಲಿ! ಬರಿಗಾಲಲ್ಲಿ ಬಸ್ಸು ಹತ್ತಿದ ಅವರ ಮುಖದಲ್ಲಿ ಗೆದ್ದ ಕಳೆ.

“ಮೈಸೂರಲ್ಲಿ ಕಳೀಬೇಕಾದ್ದು ಇಲ್ಲೇ ಕಳೀತು. ಒಂದು ಗಂಡಾಂತರ ದಾಟಿತು ನೋಡು.”

ಎರಡನೆಯದು ಕಿಗ್ಗದಲ್ಲಿ, ಚಾಮುಂಡಿ ಬೆಟ್ಟದ ಸಲುವಾಗಿ. ಕಿಗ್ಗದ ಆಚೆಯ ಗುಡ್ಡವನ್ನು, ಅದೂ ಮಳೆ ಬಿಟ್ಟ ಮರುವಾರ, ಹತ್ತಿಸಿದರು. ಇಳಿಯುವಷ್ಟರಲ್ಲಿ ನನ್ನ ಹೆಂಡತಿಯ ಕಾಲಿಗೆ ರಕ್ತ ಹೀರುವ ಇಂಬಳಗಳು ಗೆಜ್ಜೆಯ ಹಾಗೆ ಕಚ್ಚಿಕೊಂಡಿದ್ದವು. ನನಗೆ ತಡೆಯಲಾಗಲಿಲ್ಲ.

“ಮಾವಾ! ಚಾಮುಂಡಿ ಬೆಟ್ಟದಲ್ಲಿ ಇಂಬಳ ಇಲ್ಲ!”

“ಇಲ್ವಲ್ಲ? ಹಾಗಾದ್ರೆ ಇನ್ನೂ ಸುಲಭ ಆಯ್ತು.”

ಅತ್ತೆ ಗುಡ್ಡ ಹತ್ತಿರಲಿಲ್ಲ. ಕೆಳಗೆ ದೇವಸ್ಥಾನದ ಜಗಲಿಯಲ್ಲಿ ಮಂಡಿ ನೀವಿಕೊಳ್ಳುತ್ತಾ ಕೂತಿದ್ದರು. ನನ್ನ ಹೆಂಡತಿಯ ಕಾಲಿಗೆ ಸುಣ್ಣ ಹಚ್ಚುತ್ತಾ ಹೇಳಿದರಂತೆ: “ನಂಗೆ ಬೆಟ್ಟ ಎಂತಕ್ಕೆ ಮಾರಾಯ್ತಿ? ಆ ದೀಪ ಒಂದು ನೋಡಿದ್ರೆ ಸಾಕಿತ್ತು. ಈ ಮಂಡಿ ಇನ್ನು ಎಷ್ಟು ದಿನ ನನ್ ಮಾತು ಕೇಳ್ತದೋ.”

ಇದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಫೋನು ತೆಗೆದು ಮಾವನ ಮುಂದೆ ಹಿಡಿದೆ. ದಾರಿ, ತಿರುವು, ಸಮಯ, ಊಟದ ಜಾಗ ಎಲ್ಲವೂ ಇದರಲ್ಲೇ ಇದೆ, ನಾಳೆಯೇ ಹೊರಡಬಹುದು ಎಂದೆ. ಮಾವ ಕನ್ನಡಕ ಏರಿಸಿ ನೋಡಿದರು.

“ಬಾಳೆಹೊನ್ನೂರು ದಾಟಿದ ಮೇಲೆ ತಿರುವಲ್ಲಿ ಈ ಫೋನಿಗೆ ವಾಂತಿ ಬರ್ತದಾ?”

“ಫೋನಿಗೆ ಹೇಗೆ ಬರುತ್ತದೆ ಮಾವ!”

“ಮತ್ತೆ ಅದಕ್ಕೆಂತ ಗೊತ್ತು ದಾರಿ ಕಷ್ಟ?”

ಇನ್ನು ಚೀಲದ ಕಥೆ. ನಮ್ಮ ಕಡೆ ‘ಪ್ರಸ್ಥಾನ’ ಇಡುವುದು ಎಂಬ ಪದ್ಧತಿಯಿದೆ. ಒಳ್ಳೆಯ ಮುಹೂರ್ತ ಒಂದು ದಿನ, ನಮಗೆ ಹೊರಡಲು ಆಗುವುದು ಇನ್ನೊಂದು ದಿನ ಎಂದಾದರೆ, ಮುಹೂರ್ತದ ಹೊತ್ತಿಗೆ ಒಂದು ಚೀಲವನ್ನು ಒಯ್ದು ಬೇರೆಯವರ ಮನೆಯಲ್ಲಿ ಇಟ್ಟುಬರುವುದು. ಚೀಲ ಹೊರಟರೆ ನಾವೂ ಹೊರಟಂತೆಯೇ ಲೆಕ್ಕ. ನಾವು ಆಮೇಲೆ ನಿಧಾನವಾಗಿ ಹೋಗಿ ಅದನ್ನು ಕೂಡಿಕೊಂಡರಾಯಿತು. ಒಂದೇ ಷರತ್ತು: ಹೊರಟ ಚೀಲ ಯಾತ್ರೆ ಮುಗಿಸದೆ ಮನೆಗೆ ಬರಬಾರದು.

ಹಿಂದೊಮ್ಮೆ ಹೊರಟಿದ್ದಾಗ ಮಾವ ಹೀಗೆ ಒಂದು ಚೀಲವನ್ನು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಪ್ರಸ್ಥಾನ ಇಟ್ಟಿದ್ದರು. ಯಥಾಪ್ರಕಾರ ಪ್ರವಾಸ ನಿಂತಿತು. ಚೀಲ ಅಲ್ಲೇ ಉಳಿಯಿತು. ಅದು ಅಲ್ಲಿ ಎಷ್ಟು ಕಾಲದಿಂದ ಇದೆಯೆಂದರೆ, ಆಯುಧಪೂಜೆಯ ದಿನ ಹೋಟೆಲಿನ ಯಜಮಾನರು ಗ್ರೈಂಡರಿಗೆ ಕುಂಕುಮ ಹಚ್ಚುವಾಗ ಅದಕ್ಕೂ ಒಂದು ಬೊಟ್ಟಿಡುತ್ತಾರೆ. ಇರಲಿ ಬಿಡಿ, ಒಂದು ಚೀಲ ತಾನೆ ಎನ್ನುತ್ತೀರಾ? ಅದರಲ್ಲಿ ಇದ್ದದ್ದು ಅತ್ತೆಯ ಒಂದೇ ಒಂದು ಒಳ್ಳೆಯ ರೇಷ್ಮೆ ಸೀರೆ!

ಬಸರೀಕಟ್ಟೆಯಲ್ಲಿ ಅತ್ತೆಯ ತಮ್ಮನ ಮಗಳ ಮದುವೆ. ಅತ್ತೆ ನೂಲಿನ ಸೀರೆಯಲ್ಲಿ ಬಂದರು. “ಆ ಹಸಿರು ರೇಷ್ಮೆ ಎಲ್ಲಿ ಅತ್ತಿಗೆ?” ಎಂದು ಹೆಂಗಸರು ಕೇಳಿದರೆ, ಅತ್ತೆ ತಣ್ಣಗೆ, “ಅದು ಮೈಸೂರಿಗೆ ಹೋಗಿದೆ” ಎಂದರು.

“ಯಾರು ಉಟ್ಕೊಂಡು ಹೋದ್ರು?”

“ಯಾರೂ ಇಲ್ಲ. ಅದೊಂದೇ ಹೋಗಿದೆ.”

ಹೆಂಗಸರು ನಕ್ಕರು. ಅತ್ತೆಯೂ ನಕ್ಕರು. ನಾನು ನಗಲಿಲ್ಲ. ಮದುವೆ ಊಟದ ಹೋಳಿಗೆ ಕೂಡ ನನಗೆ ರುಚಿಸಲಿಲ್ಲ. ಮೂರನೆಯ ಹೋಳಿಗೆಯಂತೂ ಒಂಚೂರೂ ರುಚಿಸಲಿಲ್ಲ!

ಮರುದಿನವೇ ನರಸಿಂಹರಾಜಪುರಕ್ಕೆ ಹೋಗಿ ಮಾವನ ಎದುರು ನಿಂತೆ. ಮುಂದಿನ ತಾಲೀಮು ಮೃಗಾಲಯದ್ದೆಂದೂ, ಮನೆಯ ಹಿಂದಿನ ಮಂಗಗಳನ್ನು ಸಾಲಿನಲ್ಲಿ ನಿಂತು ನೋಡಬೇಕೆಂದೂ ಅವರು ಶುರುಮಾಡಿದ್ದರು. ನನ್ನೊಳಗೆ ಇಷ್ಟು ವರ್ಷ ಕುದಿದದ್ದೆಲ್ಲ ಉಕ್ಕಿಬಂತು.

“ಸಾಕು ಮಾವ! ನನ್ನನ್ನು ಕರ್ಕೊಂಡು ಹೋಗೋವಾಗ ಯಾವ ತಾಲೀಮು ಮಾಡಿಸಿದ್ರಿ? ಹೆಗಲ ಮೇಲೆ ಕೂರಿಸಿ ಅರಮನೆ ತೋರಿಸ್ಲಿಲ್ವಾ? ಅತ್ತೆ ಏನು ತಪ್ಪು ಮಾಡಿದ್ರು? ಅವರನ್ನ ಯಾಕೆ ಬಿಟ್ಟು ಹೋದ್ರಿ?”

ಮಾವ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅತ್ತೆ ಅವರ ಕಡೆ ನೋಡಿ ಬೇಡವೆಂಬಂತೆ ತಲೆಯಾಡಿಸಿದರು. ತೆರೆದ ಬಾಯಿ ಮುಚ್ಚಿತು.

“ಹೌದು ಮಾರಾಯ,” ಎಂದರು ಮಾವ. “ಬಿಟ್ಟು ಹೋಗಬಾರದಿತ್ತು. ಬರೋ ಭಾನುವಾರ ಹೊರಡುವ.”

ನಾನು ಗೆದ್ದೆ! ಇತಿಹಾಸದ ಜ್ಞಾನಕ್ಕೆ ಸಂದ ಜಯವೆಂದು ಹೆಂಡತಿಗೆ ಹೇಳಿಕೊಂಡೆ. ಅವಳು “ಬೀಗ ಹಾಕಿದ್ದೀರಾ ನೋಡಿ” ಎಂದಳು.

ಭಾನುವಾರ ಇನ್ನೂ ಬೆಳಕು ಹರಿಯುವಾಗಲೇ ಬಾಡಿಗೆ ಕಾರಿನಲ್ಲಿ ಹೊರಟೆವು. ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಚೀಲವನ್ನು ಕೂಡಿಕೊಂಡೆವು. ಹೋಟೆಲಿನ ಯಜಮಾನರು ಮನೆಮಗಳನ್ನು ಕಳಿಸಿಕೊಡುವವರ ಹಾಗೆ ಅದನ್ನು ಎತ್ತಿ ಕೊಟ್ಟು, “ಹುಷಾರು” ಎಂದರು. ಬಾಳೆಹೊನ್ನೂರು ದಾಟಿದ ಮೇಲೆ ತಿರುವುಗಳು ಬಂದವು. ನನ್ನ ಮಗಳು ಹಾಡು ಹೇಳುತ್ತಿದ್ದಳು. ಅತ್ತೆ ಕಿಟಕಿಯಲ್ಲಿ ಕಣ್ಣಿಟ್ಟಿದ್ದರು. ಕಾರು ನಿಲ್ಲಿಸಿ ಎಂದು ಕೈಸನ್ನೆ ಮಾಡಿ, ರಸ್ತೆಬದಿಯ ಮೋರಿಯ ಮೇಲೆ ಬಾಗಿದವರು ಯಾರು ಗೊತ್ತೆ? ಮಾವ! ಊರನ್ನೆಲ್ಲ ಬಸ್ಸು ಹತ್ತಿಸಿದ ಮನುಷ್ಯ ದೂರದ ಪ್ರಯಾಣವೊಂದನ್ನೂ ಮಾಡಿರಲಿಲ್ಲ. ಮಗಳು ಫೋನು ಹಿಡಿದು ಅವರ ಬಳಿಗೆ ಓಡಿದಳು.

“ಅಜ್ಜಾ, ಫೋನಿಗೆ ಬರ್ಲಿಲ್ಲ, ನಿಮಗೆ ಬಂತು!”

‘ದೂರದ ಪ್ರಯಾಣವೊಂದನ್ನೂ ಮಾಡಿರಲಿಲ್ಲ’ ಎಂದು ಈಗ ಬರೆಯುತ್ತಿದ್ದೇನೆ. ಆಗ ನನಗೆ ಅದು ಹೊಳೆಯಲೇ ಇಲ್ಲ. ಸಾಕ್ಷ್ಯ ಕಣ್ಣೆದುರಿಗೇ ಮೋರಿಗೆ ಬಾಗಿ ನಿಂತಿತ್ತು!

ಮೈಸೂರಿನಲ್ಲಿ ವಸತಿಗೃಹ ಸೇರಿ, ಅತ್ತೆ ಹಸಿರು ರೇಷ್ಮೆ ಉಟ್ಟು ಹೊರಬಂದರು. ಮಡಿಕೆಗಳು ಗೆರೆ ಹೊಡೆದ ಹಾಗೆ ಕೂತಿದ್ದವು. ಹೋಟೆಲಿನ ಗೋಳಿಬಜೆಯ ವಾಸನೆ ನೂಲುನೂಲಿಗೂ ಇಳಿದಿತ್ತು. ಆದರೂ ಅತ್ತೆ ಚೆಂದ ಕಾಣುತ್ತಿದ್ದರು. ಸಂಜೆ ಅರಮನೆಯ ಮುಂದೆ, ಅವರ ಮಂಡಿಗೆ ತ್ರಾಸವಾಗದ ಹಾಗೆ ಒಂದು ಕಟ್ಟೆ ಹುಡುಕಿ ಕೂರಿಸಿದೆವು. ಜನ ಫೋನುಗಳನ್ನು ಎತ್ತಿ ಹಿಡಿದು ಕಾಯುತ್ತಿದ್ದರು. ಕತ್ತಲಾಯಿತು. ನಾನು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, “ನೋಡು, ಆ ಮೂಲೆಯಿಂದ ಒಂದೊಂದಾಗಿ ಶುರುವಾಗುತ್ತದೆ” ಎಂದು ಬೆರಳು ತೋರಿಸಿದೆ.

ಜಗ್ಗೆಂದು ಇಡೀ ಅರಮನೆ ಒಂದೇ ಸಲಕ್ಕೆ ಬೆಳಗಿತು!

“ಅಯ್ಯೋ ದೇವ್ರೇ!” ಎಂದು ಅತ್ತೆ ಕೈಮುಗಿದರು. ನಾನು ಕಿಡಿಕಿಡಿಯಾದೆ.

“ಇದು ಹೀಗಲ್ಲ! ಒಂದೊಂದೇ ಹೊತ್ತಬೇಕು! ವ್ಯವಸ್ಥೆಯನ್ನೇ ಬದಲಾಯಿಸಿದ್ದಾರೆ!” ಪಕ್ಕದಲ್ಲಿದ್ದ ಮೈಸೂರಿನ ಹಿರಿಯರೊಬ್ಬರು ನನ್ನತ್ತ ತಿರುಗಿ, “ನಾನು ಹುಡುಗನಾಗಿದ್ದಾಗಿನಿಂದ ಹೀಗೇ ಸಾರ್, ಎಲ್ಲ ಒಟ್ಟಿಗೇ” ಎಂದರು. ಸಾಕ್ಷಿಯನ್ನು ನಾನು ನಂಬಲಿಲ್ಲ. ಆದರೆ ಚಳಿಯೂ ಇರಲಿಲ್ಲ. ನೀಲಗಿರಿ ಎಣ್ಣೆಯ ವಾಸನೆಯಂತೂ ಎಲ್ಲೂ ಇಲ್ಲ.

ಅತ್ತೆ ನಗತೊಡಗಿದರು. “ಸಾಕು ಮಾರಾಯ, ಅವ್ರ ಹತ್ರ ಜಗಳ ಮಾಡ್ಬೇಡ. ನೀನು ಅರಮನೆ ನೋಡಿದ್ದು ಇಲ್ಲಿ ಅಲ್ಲ.”

“ಮತ್ತೆಲ್ಲಿ?”

“ನಮ್ಮನೆ ಅಂಗಳದಲ್ಲಿ. ನಾವು ಮೂರೂ ಜನ ಹೊರಟಿದ್ದೆವು ಆ ವರ್ಷ. ಬಸ್ ಸ್ಟ್ಯಾಂಡಿಗೆ ಬರುವಾಗ ನಿಂಗೆ ಮೈ ಸುಡುವ ಜ್ವರ. ಇವ್ರು ಎಲ್ರನ್ನೂ ಹತ್ತಿಸಿ, ನಮ್ಮನ್ನು ಇಳಿಸಿದ್ರು. ನೀನು ಅರಮನೆ ಬೇಕು ಅಂತ ಅಳು ನಿಲ್ಲಿಸ್ಲೇ ಇಲ್ಲ. ಎದೆಗೆ ನೀಲಗಿರಿ ಎಣ್ಣೆ ತಿಕ್ಕಿ, ಕಂಬಳಿ ಹೊದಿಸಿ, ಇವ್ರು ನಿನ್ನ ಹೆಗಲ ಮೇಲೆ ಕೂರಿಸ್ಕೊಂಡ್ರು. ಅರಮನೆ ಹೀಗುಂಟು, ಹಾಗುಂಟು ಅಂತ ಹೇಳ್ತಾ ಹೋದ್ರು. ನಾನು ಅಂಗಳದ ಸುತ್ತ ಹಣತೆ ಹಚ್ತಾ ಹೋದೆ. ಒಂದೊಂದೇ ಅಲ್ದಾ ಹಚ್ಚೋಕೆ ಆಗೋದು?”

ಅತ್ತೆಯನ್ನು ಬಿಟ್ಟು ಹೋದವರೆಂದು ನಾನು ಎದುರು ನಿಂತು ಬೈದದ್ದನ್ನು ಈ ಮನುಷ್ಯ ಹೇಗೆ ಕೇಳಿಸಿಕೊಂಡಿದ್ದರು! “ಹೇಳಬಾರದಿತ್ತಾ ಮಾವ?” ಎಂದೆ.

“ಹೇಳಿದ್ರೆ ನಿನ್ ಮೈಸೂರು ಹೋಗ್ತಿತ್ತಲ್ಲ,” ಎಂದರು ಮಾವ. ಸೀಟು ತುಂಬಿದ ಬಸ್ಸನ್ನು ನೋಡುವ ಹಾಗೆ ಅರಮನೆಯನ್ನು ಮೇಲಿನಿಂದ ಕೆಳಗೆ ನೋಡಿ, ಅತ್ತೆಯ ಕಡೆ ತಿರುಗಿದರು. “ಚೆಂದ ಉಂಟು. ಆದ್ರೆ ಎಲ್ಲ ಒಂದೇ ಸಲ ಆಗಿಬಿಡ್ತು. ನೀನು ಹಚ್ಚುವಾಗ ನೋಡೋಕೆ ಪುರುಸೊತ್ತು ಇತ್ತು.”

“ಸುಮ್ನಿರಿ,” ಎಂದು ಅತ್ತೆ ಸೆರಗು ಸರಿಮಾಡಿಕೊಂಡರು.

ಸ್ವಲ್ಪ ಹೊತ್ತಿಗೆ ದೀಪಗಳು ಆರಿದವು, ಅವೂ ಒಟ್ಟಿಗೇ. ಇದ್ದಕ್ಕಿದ್ದಂತೆ ಕತ್ತಲು, ನೂಕುನುಗ್ಗಲು, ಯಾರು ಎಲ್ಲಿದ್ದಾರೆಂದು ತಿಳಿಯದು. ಆಗ ಆ ಗದ್ದಲದ ಮೇಲೆ ಎದ್ದು ಬಂತು ನಮ್ಮ ಬಸ್ ಸ್ಟ್ಯಾಂಡಿನ ಕಂಠ: “ನರಸಿಂಹರಾಜಪುರ, ನರಸಿಂಹರಾಜಪುರ! ಈ ಕಡೆ, ಈ ಕಡೆ!”

ಅತ್ತೆ ಕತ್ತಲಲ್ಲಿ ನನ್ನ ತೋಳು ಹಿಡಿದು, ಮಂಡಿಗೆ ಕೈಯೂರಿ ಎದ್ದು, ಆ ದನಿಯ ಕಡೆಗೆ ಹೆಜ್ಜೆಯಿಟ್ಟರು. ಅವರು ನನಗೆ ಒರಗಿದಾಗ ಗೋಳಿಬಜೆಯ ವಾಸನೆಯ ಅಡಿಯಿಂದ ಸಣ್ಣಗೆ ನೀಲಗಿರಿ ಎಣ್ಣೆಯ ವಾಸನೆ ಬಂತು. ಹೊರಡುವ ಮೊದಲು ಮಂಡಿಗೆ ಹಚ್ಚಿಕೊಂಡಿದ್ದರು.

ಅದೇ. ನನ್ನ ಅರಮನೆಯದೇ ವಾಸನೆ.