ಹುಚ್ಚೀರಪ್ಪ ಹೆಣ್ಣು ಆರಿಸಿದ್ದು

ತೊಂದರೆಗೆಲ್ಲ ಮೂಲ ಒಂದು ಗಂಟು ಸಕ್ಕರೆ.

ಯುದ್ಧದ ಕಾಲ. ಕುಷ್ಟಗಿಯಲ್ಲಿ ಸಕ್ಕರೆ ಎಂದರೆ ಚೀಟಿ ಹಿಡಿದು ನಿಂತವರಿಗೆ ಸಿಕ್ಕರೆ ಸಿಕ್ಕೀತು ಎನ್ನುವ ಪದಾರ್ಥ. ಹಬ್ಬಕ್ಕೆ ಬೆಲ್ಲ, ಚಹಕ್ಕೆ ಬೆಲ್ಲ, ಬಂದ ಬೀಗರಿಗೂ ಬೆಲ್ಲ. ಆದರೆ ಮದುವೆ ಗೊತ್ತು ಮಾಡುವ ಶಾಸ್ತ್ರಕ್ಕೆ ಮಾತ್ರ ಬೆಲ್ಲ ನಡೆಯದು. ಹೆಣ್ಣಿನ ಮನೆಯಲ್ಲಿ ಗಂಡಿನವರು ಸಕ್ಕರೆ ಗಂಟು ಬಿಚ್ಚಿ, ಎರಡೂ ಕಡೆಯವರು ಒಂದೊಂದು ಚಿಟಿಕೆ ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಆಮೇಲೆ ಬ್ರಹ್ಮ ಬಂದರೂ ಬಿಡಿಸಲಾರ. ಇನ್ನೊಂದು ಕಟ್ಟಳೆಯೂ ಇತ್ತು. ಮದುವೆಗೆಂದು ಕಟ್ಟಿಕೊಂಡು ಹೊರಟ ಸಕ್ಕರೆ ಬಿಚ್ಚದ ಗಂಟಾಗಿ ಮನೆಗೆ ತಿರುಗಿ ಬರಬಾರದು. ಬಂದರೆ ಆ ಗಂಡಿಗೆ ಈ ಜನ್ಮದಲ್ಲಿ ಬಾಸಿಂಗವಿಲ್ಲ.

ದರ್ಜಿ ಹುಚ್ಚೀರಪ್ಪನಿಗಾಗಿ ಓಣಿಯ ಹನ್ನೊಂದು ಮನೆಯವರು ತಮ್ಮ ಪಾಲಿನ ಸಕ್ಕರೆಯಲ್ಲಿ ಒಂದೊಂದು ಹಿಡಿ ತೆಗೆದುಕೊಟ್ಟಿದ್ದರು. ಕೊಟ್ಟ ಗಳಿಗೆಯಿಂದ ಹನ್ನೊಂದು ಮನೆಯವರಿಗೂ ಅವನ ಹೆಂಡತಿಯ ವಿಷಯದಲ್ಲಿ ಮಾತಾಡುವ ಹಕ್ಕು ಬಂದಿತ್ತು.

ಹುಚ್ಚೀರಪ್ಪನಿಗೆ ಮೂವತ್ತೊಂದು. ಇಷ್ಟು ವರ್ಷದಲ್ಲಿ ಅವನು ಏನನ್ನೂ ಆರಿಸಿದವನಲ್ಲ. ಹೊಲಿಗೆ ಯಂತ್ರ ಸೋದರಮಾವ ಸತ್ತಾಗ ಉಳಿದದ್ದು. ಇರುವ ಕೋಣೆ ಎಣ್ಣೆ ಗಾಣದ ಪಕ್ಕದ್ದು, ಯಾರೂ ಬಾಡಿಗೆಗೆ ಬರದೆ ಉಳಿದದ್ದು. ಮೈಮೇಲಿನ ಅಂಗಿ ಗಿರಾಕಿಗಳ ಅರಿವೆಯಲ್ಲಿ ಉಳಿದ ತುಂಡುಗಳದ್ದು: ಒಂದು ತೋಳು ಗೀರು, ಇನ್ನೊಂದು ತೋಳು ಚೌಕಳಿ, ಬೆನ್ನು ಯಾರದೋ ಹಾಸಿಗೆಯ ಗವುಸು. ದೂರದಿಂದ ನೋಡಿದರೆ ನಾಲ್ಕು ಜನ ಒಟ್ಟಿಗೆ ಬರುವ ಹಾಗೆ ಕಾಣುತ್ತಿದ್ದ.

ಹೆಂಡತಿಯೂ ಹಾಗೆಯೇ ಸಿಗುವವಳಿದ್ದಳು. ಅವನ ಕೋಣೆಯ ಒಡತಿ ಮುದುಕಮ್ಮನ ಅಣ್ಣ ಕಾಳಪ್ಪ ಯಲಬುರ್ಗದಲ್ಲಿದ್ದ. ಅವನ ಮಗಳು ಕನಕಮ್ಮ ಮದುವೆಗೆ ನಿಂತಿದ್ದಳು. ಕನಕಮ್ಮನಲ್ಲಿ ಕುಂದೇನೂ ಇರಲಿಲ್ಲ. ಕೈ ಚಾಚಿದರೆ ಸಿಗುತ್ತಿದ್ದಳು, ಅಷ್ಟೇ.

ಆದರೆ ಹುಚ್ಚೀರಪ್ಪ ವಾರಕ್ಕೊಮ್ಮೆ ಯಂತ್ರ ಹೊತ್ತುಕೊಂಡು ಕುಕನೂರಿನ ಸಂತೆಗೆ ಹೋಗುತ್ತಿದ್ದ. ಅಲ್ಲಿ ತಳಕಲ್ಲಿನ ಓಬಳೆಪ್ಪನ ಮಗಳು ಹುಲಿಗವ್ವ ಗಡಿಗೆ ಕೊಳ್ಳುವುದನ್ನು ಕಂಡ. ಇಪ್ಪತ್ಮೂರು ಗಡಿಗೆಗಳನ್ನು ಬೆರಳಿನಿಂದ ಬಾರಿಸಿ, ಕಿವಿಗೊಟ್ಟು ಕೇಳಿ, ಒಂದನ್ನೂ ಕೊಳ್ಳದೆ ಹೋದಳು. ಮುಂದಿನ ಸಂತೆಗೆ ಬಂದು ಹದಿನೆಂಟು ಬಾರಿಸಿ ಬರಿಗೈಯಲ್ಲಿ ಹೋದಳು. ಮೂರನೆಯ ಸಂತೆಗೆ ಒಂದನ್ನು ಕೊಂಡಳು. ಹುಚ್ಚೀರಪ್ಪ ಆ ಮೂರೂ ಸಂತೆಗಳಲ್ಲಿ ಒಂದೇ ಪೈಜಾಮದ ಒಂದೇ ಕಾಲನ್ನು ಹೊಲಿದ. ಜನ್ಮದಲ್ಲಿ ಮೊದಲ ಸಲ ಅವನಿಗೆ ಇಂಥದ್ದೇ ಬೇಕು ಎನಿಸಿತು. ಆಕೆ ಏಳು ಗಂಡುಗಳನ್ನು ನೋಡಿ ಏಳನ್ನೂ ಬೇಡವೆಂದಿದ್ದಾಳೆಂದು ಕೇಳಿದ ಮೇಲಂತೂ ನಿರ್ಧಾರ ಗಟ್ಟಿಯಾಯಿತು. ಅಂಥವಳು ಹೂಂ ಎಂದರೆ ಅದಕ್ಕೊಂದು ಬೆಲೆ.

ತಂದೆತಾಯಿ ಇಲ್ಲದ ಹುಡುಗನಿಗೆ ಹಿರಿಯರಾಗಿ ಮುದುಕಮ್ಮನೂ ಪಕ್ಕದ ಮನೆಯ ಹೈದರಸಾಬನೂ ಹೊರಟರು. ಹೈದರಸಾಬ ತಹಸೀಲ್ ಕಚೇರಿಯಲ್ಲಿ ಜವಾನನಾಗಿದ್ದವನು. ಅವನ ರುಮಾಲು ನೋಡಿದವರು ತಹಸೀಲ್ದಾರನೇ ಬಂದನೆಂದು ಎದ್ದು ನಿಲ್ಲುತ್ತಿದ್ದರು. ಎರಡೆರಡು ಸಲ ಹೋಗಿ ಬರಲು ಬಸ್ಸಿಲ್ಲದ ಕಾಲವಾದ್ದರಿಂದ ಹೆಣ್ಣು ನೋಡುವುದು, ಗೊತ್ತು ಮಾಡುವುದು ಎರಡೂ ಒಂದೇ ದಿನ ಎಂದಾಯಿತು.

"ನೋಡು ತಮ್ಮಾ," ಅಂದಳು ಮುದುಕಮ್ಮ ಬಸ್ಸು ಹತ್ತುವಾಗ. "ಆಕಿ ಏಳು ಮಂದೀನ ಹೊಳ್ಳಿಸಿ ಕಳಿಸ್ಯಾಳ. ನಿನ್ನೂ ಬ್ಯಾಡ ಅಂದ್ರ ಕೆಟ್ಟ ಅನಿಸ್ಕೋಬ್ಯಾಡ. ಬರೂ ಹಾದ್ಯಾಗ ಯಲಬುರ್ಗಿ ಐತಿ. ಗಂಟು ಅಲ್ಲೇ ಬಿಚ್ಚೂಣಂತ."

"ಚಿಗವ್ವಾ, ಆಕಿ ಹೂಂ ಅಂತಾಳ."

"ಅನ್ನವಲ್ಲಳ್ಯಾಕ. ನಾ ಅಣ್ಣಗ ಒಲಿ ಆರಿಸಬ್ಯಾಡ ಅಂತ ಹೇಳಿ ಕಳಿಸೀನಿ, ಅಷ್ಟ."

ಆ ದಿನ ಹುಚ್ಚೀರಪ್ಪ ಹೊಸ ಅಂಗಿ ತೊಟ್ಟಿದ್ದ. ತುಂಡು ತುಂಡಲ್ಲ, ಥಾನಿನಿಂದ ಕತ್ತರಿಸಿದ ಒಂದೇ ಬಿಳಿ ಅರಿವೆಯದು.

ಬಸ್ಸು ಇದ್ದಲಿಯ ಹೊಗೆಯಿಂದ ನಡೆಯುವಂಥದು. ಹಿಂದೆ ಒಂದು ಒಲೆ. ಅದು ಉರಿದರೆ ಬಸ್ಸು ಓಡುತ್ತಿತ್ತು, ಮುನಿದರೆ ಮಂದಿ ಇಳಿದು ದೂಡುತ್ತಿದ್ದರು. ಮೊದಲನೆಯ ಏರಿನಲ್ಲೇ ಮುನಿಯಿತು. ಹೈದರಸಾಬನಿಗೆ ರುಮಾಲಿತ್ತು, ಇಳಿಯಲಿಲ್ಲ. ಮುದುಕಮ್ಮನ ಮಡಿಲಲ್ಲಿ ಸಕ್ಕರೆಯಿತ್ತು, ಇಳಿಯಲಿಲ್ಲ. ಹುಚ್ಚೀರಪ್ಪ ಒಲೆಯ ಬದಿಗೇ ನಿಂತು ದೂಡಬೇಕಾಯಿತು. ಯಲಬುರ್ಗ ಮುಟ್ಟುವ ಹೊತ್ತಿಗೆ ನಾಲ್ಕು ಸಲ ದೂಡಿದ್ದ, ಕುಲುಮೆಯಿಂದ ಎದ್ದುಬಂದ ಕಮ್ಮಾರನಂತೆ ಆಗಿದ್ದ. ಅಲ್ಲಿ ಬಸ್ಸು ನಿಂತೇಬಿಟ್ಟಿತು.

"ದೇವರ ನಿಂದರಿಸ್ಯಾನ," ಅಂದಳು ಮುದುಕಮ್ಮ. "ಕಾಳಣ್ಣನ ಮನಿ ಇಲ್ಲೇ ಐತಿ. ನೀರರ ಕುಡಿದು ಹೋಗೂಣು."

ನೀರು ಕುಡಿಯಲು ಹೋದ ಮನೆಯಲ್ಲಿ ಜಮಖಾನೆ ಹಾಸಿತ್ತು. ಓಣಿಯ ಐದು ಜನ ಹಿರಿಯರು ರುಮಾಲು ಸುತ್ತಿಕೊಂಡು ಕುಳಿತಿದ್ದರು. ತಟ್ಟೆಯಲ್ಲಿ ಎಲೆ ಅಡಕೆ ಜೋಡಿಸಿತ್ತು. ಕಾಳಪ್ಪ ಹುಚ್ಚೀರಪ್ಪನನ್ನು ಮೇಲಿಂದ ಕೆಳಗೆ ನೋಡಿದ.

"ಅಂಗಿ ಬಿಚ್ಚಿ ಕೊಡ್ರಿ, ಕನಕವ್ವ ಒಗೀತಾಳ."

"ಬ್ಯಾಡ್ರಿ, ನಡೀತೈತಿ."

"ಇದ್ದಲಿ ಮಾರಾಕ ಬಂದಾನ ಅಂತಾರ ತಮ್ಮಾ ತಳಕಲ್ಲಿನಾಗ," ಅಂದ ಹೈದರಸಾಬ.

ಹುಚ್ಚೀರಪ್ಪ ಅಂಗಿ ಬಿಚ್ಚಿ ಕೊಟ್ಟು ಬರಿ ಮೈಯಲ್ಲಿ ಕುಳಿತ. ಆಗಲೇ ಅವನ ಗಮನಕ್ಕೆ ಬಂದದ್ದು: ಅಂಗಿ ಇಲ್ಲದ ಮನುಷ್ಯ ಎಲ್ಲಿಗೂ ಎದ್ದು ಹೋಗಲಾರ. ಹಿತ್ತಲಲ್ಲಿ ಕನಕಮ್ಮ ಅಂಗಿಯನ್ನು ಕಲ್ಲಿಗೆ ಬಡಿಯುವ ಸದ್ದು ಕೇಳುತ್ತಿತ್ತು. ಅವಸರವೇನೂ ಇದ್ದಂತಿರಲಿಲ್ಲ.

ಮುದುಕಮ್ಮ ಗಂಟನ್ನು ತಟ್ಟೆಯ ಪಕ್ಕಕ್ಕೆ ಇಟ್ಟಳು. "ತೊಡಿ ಜೋಮು ಹಿಡದೈತಿ," ಅಂದಳು.

ಎಂಟು ತಿಂಗಳಿಂದ ಬೆಲ್ಲದ ಚಹಾ ಕುಡಿದ ಹೈದರಸಾಬ ಗಂಟನ್ನು ನೋಡಿದ. "ಅಲ್ಲಾ, ಹನ್ನೊಂದು ಮನೀದು. ಯಾರರ ಉಪ್ಪು ಹಾಕಿದ್ರ ಏನ್ ಗತಿ? ಒಂದು ಚಿಟಿಗಿ ನೋಡಿಬಿಡತೀನಿ," ಎಂದು ಗಂಟಿನ ಕೊನೆಗೆ ಕೈ ಹಾಕಿದ. ಐದು ಜನ ಹಿರಿಯರೂ ನೋಡಲು ಸಹಾಯ ಮಾಡೋಣವೆಂದು ಮುಂದಕ್ಕೆ ಬಾಗಿದರು.

ಹುಚ್ಚೀರಪ್ಪ ಗಂಟನ್ನು ಕಸಿದುಕೊಂಡು ಎದ್ದ. ಗೂಟಕ್ಕೆ ತೂಗುಬಿಟ್ಟಿದ್ದ ಕಾಳಪ್ಪನ ಅಂಗಿಯನ್ನು ಎಳೆದುಕೊಂಡ. "ನಿಮ್ಮ ಅಂಗಿ ನಾಳೆ ಕಳಿಸತೀನ್ರಿ," ಎಂದವನೇ ಬೀದಿಗೆ ಬಿದ್ದ. ಹತ್ತಿಕಾಳು ಹೇರಿಕೊಂಡು ತಳಕಲ್ಲಿನ ಕಡೆ ಹೊರಟ ಚಕ್ಕಡಿಯೊಂದು ಸಿಕ್ಕಿತು, ಹಾರಿ ಹತ್ತಿದ. ಸಕ್ಕರೆ ಹೋದ ಕಡೆ ಹಿರಿಯರೂ ಹೋಗಲೇಬೇಕಲ್ಲ. ಮುದುಕಮ್ಮ ಏದುತ್ತ, ಹೈದರಸಾಬ ರುಮಾಲು ಹಿಡಿದುಕೊಂಡು ಓಡಿ ಬಂದು ಹತ್ತಿದರು.

"ಹುಡುಗಿ ಕೈಯಾಗ ಅಂಗಿ ಒಗಿಸಿ ಓಡಿ ಬಂದ್ಯಲ್ಲ," ಅಂದಳು ಮುದುಕಮ್ಮ. "ನಾಲ್ಕು ಮಂದಿ ಏನಂದಾರು?"

"ಐದು ಮಂದಿ ಇದ್ರು," ಅಂದ ಹೈದರಸಾಬ.

ತಳಕಲ್ಲು ಮುಟ್ಟಿದಾಗ ಹೊತ್ತು ಇಳಿಮುಖವಾಗಿತ್ತು. ಕಾಳಪ್ಪನ ಅಂಗಿಯಲ್ಲಿ ಇನ್ನೊಬ್ಬ ಮನುಷ್ಯ ಆರಾಮಾಗಿ ಇರಬಹುದಿತ್ತು. ತಲೆಯಲ್ಲಿ ಹತ್ತಿಕಾಳು. ಓಬಳೆಪ್ಪ ಮೊದಲು ಹೈದರಸಾಬನ ರುಮಾಲಿಗೆ ಕೈ ಮುಗಿದ, ಆಮೇಲೆ ಗಂಡು ಯಾರೆಂದು ಕೇಳಿದ.

ಹುಲಿಗವ್ವ ಬಂದು ಕುಳಿತಳು. ಹುಚ್ಚೀರಪ್ಪ ದಾರಿಯುದ್ದಕ್ಕೂ ಉತ್ತರಗಳನ್ನು ಹೊಂದಿಸಿಕೊಂಡಿದ್ದ: ಸೆರೆ ಕುಡಿಯುವುದಿಲ್ಲ, ಇಸ್ಪೀಟು ಗೊತ್ತಿಲ್ಲ, ಕೈ ಎತ್ತುವುದಿಲ್ಲ, ದಿನಕ್ಕೆ ಮೂರು ಅಂಗಿ ಹೊಲಿಯುತ್ತೇನೆ. ಹುಲಿಗವ್ವ ಏನೂ ಕೇಳಲಿಲ್ಲ. ಒಮ್ಮೆ ಕಣ್ಣೆತ್ತಿ ನೋಡಿ ಅಪ್ಪನ ಕಡೆ ತಿರುಗಿದಳು.

"ಏನಂತಿ ಯವ್ವಾ?" ಅಂದ ಓಬಳೆಪ್ಪ, ಎಂಟನೆಯ ಸಲದ ದನಿಯಲ್ಲಿ.

"ಹೂಂ ಅನ್ನು."

ಓಬಳೆಪ್ಪನಿಗೆ ಉಸಿರು ಕಟ್ಟಿತು. ಮುದುಕಮ್ಮನಿಗೂ ಕಟ್ಟಿತು, ಆದರೆ ಬೇಗ ಬಿಟ್ಟಿತು.

"ಸರ್ಯಾಗಿ ನೋಡವಾ," ಅಂದಳು ಆಕೆ. "ಜನ್ಮದ ಮಾತು. ಗೊರಕಿ ಹೊಡೀತಾನ, ಗ್ವಾಡಿ ಆಚಿ ನನಗ ಕೇಳಿಸ್ತೈತಿ. ಗಾಣದ ಬಾಜೂಕ ಮನಿ, ಎಣ್ಣಿ ವಾಸನಿ."

"ಗೊರಕಿ ಹೊಡೀಲಾರ್ದಂವ ಯಾರದಾನ್ರಿ ಯವ್ವಾ."

"ಈ ಅಂಗಿನೂ ಅವಂದಲ್ಲ."

"ಇರ್ಲಿ ಬಿಡ್ರಿ. ಮೈಮ್ಯಾಲೆ ಒಂದೈತೆಲ್ಲ."

ಗಂಟು ಬಿಚ್ಚಿದರು. ಅದು ಉಪ್ಪಲ್ಲವೆಂದು ಹೈದರಸಾಬ ಮೂರು ಸಲ ಖಾತ್ರಿ ಮಾಡಿಕೊಂಡ. ಮುದುಕಮ್ಮ ಔಷಧಿ ತಿಂದಂತೆ ಒಂದು ಚಿಟಿಕೆ ತಿಂದಳು. ಹುಚ್ಚೀರಪ್ಪನ ಬಾಯಲ್ಲಿ ಸಕ್ಕರೆ ಕರಗಿತು. ಅವನ ಎದೆ ಮಾತ್ರ ಕಾಳಪ್ಪನ ಅಂಗಿ ತುಂಬುವಷ್ಟು ಉಬ್ಬಿತು. ಏಳು ಮಂದಿಯಲ್ಲಿ ಇಲ್ಲದ್ದು ತನ್ನಲ್ಲಿ ಏನು ಕಂಡಳೋ, ಅದನ್ನು ಆಕೆಯ ಬಾಯಿಂದಲೇ ಕೇಳಬೇಕು ಎನಿಸಿತು.

ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದ. ಹುಲಿಗವ್ವ ಚೆಂಬು ಹಿಡಿದು ನೀರು ಹಾಕಿದಳು.

"ಒಂದು ಮಾತು ಕೇಳಲೇನು?" ಅಂದ. "ಏಳು ಮಂದೀಗೆ ಬ್ಯಾಡ ಅಂದ್ರಂತ. ನನಗ ಒಂದ ಸಲಕ್ಕ ಹೂಂ ಅಂದ್ರಿ. ನನ್ನಾಗ ಏನ್ ನೋಡಿದ್ರಿ?"

ಹುಲಿಗವ್ವ ನೀರು ಹಾಕುತ್ತಲೇ ಇದ್ದಳು. ಸುಳ್ಳು ಹೇಳುವ ರೂಢಿ ಆಕೆಗೆ ಇರಲಿಲ್ಲ.

"ಏನೂ ನೋಡಿಲ್ರಿ. ಏಳು ಮಂದೀನ ನೋಡಿ ನೋಡಿ ಸಾಕಾಗಿತ್ತು. ನಾಳೆ ಬರಾಂವ ಯಾವನರ ಇರ್ಲಿ, ಕುಂಟ ಇದ್ರೂ ಹೂಂ ಅಂತೀನಿ ಅಂತ ನಿನ್ನೆ ಅಪ್ಪಗ ಹೇಳಿದ್ನಿ. ನೀವು ಬಂದ್ರಿ. ಕುಂಟನೂ ಇಲ್ಲ, ಪುಣ್ಯ."

ಹುಚ್ಚೀರಪ್ಪ ಕೈ ತೊಳೆದದ್ದೇ ತೊಳೆದದ್ದು.

"ನಾಲ್ಕನೇದಾಂವ ಒಬ್ಬಂವ ಭಾಳ ಛಲೋ ಇದ್ದ," ಅಂದಳು ಆಕೆ. "ಹೂಂ ಅನ್ನಾಕಿ ಇದ್ನಿ. ಅಷ್ಟ್ರಾಗ, ನಿನ್ನ ಸಂತ್ಯಾಗ ನೋಡಿ ನೀನ ಬೇಕಂತ ಆರಿಸೀನಿ ಅಂದ. ನಡಿ ಅಂದ್ನಿ. ಆರಿಸಿ ಒಯ್ದಾಂವಗ ಜನ್ಮ ಪೂರಾ ಜವಾಬು ಕೊಡಬೇಕಾಗ್ತೈತಿ. ಒಂದಿನ ಸಾರು ಕೆಟ್ರ, ಇದಕ್ಕೇನ ನಿನ್ನ ಆರಿಸಿದ್ದು ಅಂತಾನ." ಚೆಂಬನ್ನು ಕೆಳಗಿಟ್ಟು ಅವನ ಮುಖ ನೋಡಿದಳು. "ನೀವು ಹೆಂಗ ಬಂದ್ರಿ? ಮೊದಲ ಎಲ್ಲೆರ ನನ್ನ ನೋಡಿದ್ರೇನು?"

ಒಳಗೆ ಹೈದರಸಾಬ ನಾಲ್ಕನೆಯ ಸಲ ಖಾತ್ರಿ ಮಾಡಿಕೊಳ್ಳುತ್ತಿದ್ದದ್ದು ಕೇಳಿಸಿತು.

"ಇಲ್ಲ," ಅಂದ ಹುಚ್ಚೀರಪ್ಪ. "ಎಲ್ಲೂ ನೋಡಿಲ್ಲ. ಹಿರ್ಯಾರು ನಡಿ ಅಂದ್ರು, ಬಂದೆ."

ಹುಲಿಗವ್ವ ಅಂದು ಮೊದಲ ಸಲ ನಕ್ಕಳು. ಸೆರಗಿನ ತುದಿಯನ್ನು ಕೈ ಒರೆಸಿಕೊಳ್ಳಲು ಮುಂದೆ ಚಾಚಿದಳು.

"ಹಂಗಾರ ಛಲೋ ಆತು ಬಿಡ್ರಿ. ನನಗೂ ಸಿಕ್ಕಿದ್ದು, ನಿಮಗೂ ಸಿಕ್ಕಿದ್ದು."

"ಹೌದು," ಅಂದ ಹುಚ್ಚೀರಪ್ಪ. "ಸಿಕ್ಕಿದ್ದು."