ಹಳೆಯದನ್ನು ಒಪ್ಪಿಸಿ, ಹೊಸದನ್ನು ಪಡೆಯಿರಿ

ನೂರು ಕೋಟಿ ಇದ್ದವರಿಗೆ ನೆಮ್ಮದಿ ಇರುವುದಿಲ್ಲ ಎಂದು ಬೇರೆ ಯಾರಾದರೂ ಹೇಳಿದರೆ ಹೊಟ್ಟೆಕಿಚ್ಚಿನ ಮಾತು ಅಂದುಕೊಂಡು ಬಿಟ್ಟುಬಿಡಿ. ನಾನು ಹೇಳಿದರೆ ಮಾತ್ರ ನಂಬಲೇಬೇಕು. ಯಾಕೆಂದರೆ ನನ್ನ ಬಳಿ ನೂರು ಕೋಟಿ ಇತ್ತು. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಬಂತು, ಕೈ ತೊಳೆಯುವ ಹೊತ್ತಿಗೆ ಹೋಯಿತು. ಹೋಗುವಾಗ ನನಗಿದ್ದ ಒಬ್ಬನೇ ಒಬ್ಬ ಭಾಮೈದನನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಮೊದಲು ನನ್ನ ಉದ್ಯೋಗದ ವಿಚಾರ ಹೇಳಿಬಿಡುತ್ತೇನೆ, ಅನರ್ಥಕ್ಕೆಲ್ಲ ಅದೇ ಮೂಲ. ನಾನು ಒಂದು ದೊಡ್ಡ ಆಸ್ಪತ್ರೆಯ ಉಗ್ರಾಣಾಧಿಪತಿ. (ಕಾಗದದಲ್ಲಿ ‘ಸ್ಟೋರ್ ಕೀಪರ್’ ಎಂದಷ್ಟೇ ಇದೆ. ಅಧಿಪತಿ ಎನ್ನುವುದು ನನ್ನ ಸ್ವಂತ ಸೇರ್ಪಡೆ.) ಬಕೆಟ್ ತೂರುವಷ್ಟು ಕಿಂಡಿ ಬಿಟ್ಟು ಜಾಲರಿ ಹೊಡೆದ ಒಂದು ಕಿಟಕಿ, ಅದರ ಹಿಂದೆ ನಾನು, ನನ್ನ ಹಿಂದೆ ಪೊರಕೆ, ಬಕೆಟ್, ಬಲ್ಬು, ಫಿನಾಯಿಲು. ಕಿಟಕಿಯ ಮೇಲೊಂದು ಬೋರ್ಡು: ‘ಹಳೆಯದನ್ನು ಒಪ್ಪಿಸಿ, ಹೊಸದನ್ನು ಪಡೆಯಿರಿ.’ ಸುಟ್ಟ ಬಲ್ಬು ಕೊಟ್ಟರೆ ಹೊಸ ಬಲ್ಬು, ಮೋಟು ಪೊರಕೆ ಕೊಟ್ಟರೆ ಹೊಸ ಪೊರಕೆ. ಒಮ್ಮೆ ದೊಡ್ಡ ಡಾಕ್ಟರೇ ಕುರ್ಚಿ ಮುರಿದಿದೆ ಎಂದು ಹೊಸದು ಕೇಳಿದರು. ಹಳೆಯದನ್ನು ರೋಗಿಗಳ ಟ್ರಾಲಿಯ ಮೇಲೆ ಮಲಗಿಸಿ ಕಳಿಸಿಕೊಟ್ಟರು. ನೋಡುತ್ತೇನೆ, ಮೂರೇ ಕಾಲು! ನಾಲ್ಕನೆಯದು ಸಿಕ್ಕುವ ತನಕ ಅವರು ನಿಂತುಕೊಂಡೇ ರೋಗಿಗಳನ್ನು ನೋಡಿದರು.

ಈ ನಿಯಮ ನನ್ನ ಹಿಂದೆಯೇ ಮನೆಗೂ ಬಂತು. ಹೆಂಡತಿಗೆ ಹೊಸ ಬಾಣಲೆ ಬೇಕಾದರೆ ಹಳೆಯದರ ತೂತು ತೋರಿಸಬೇಕು. ಮಗಳು ಚಿಕ್ಕವಳಿದ್ದಾಗ, “ಸವೆದು ಖಾಲಿಯಾದ ರಬ್ಬರನ್ನ ಎಲ್ಲಿಂದ ತರ್ಲಿ ಅಪ್ಪಾ?” ಎಂದು ಅತ್ತಿದ್ದಳು. ಅವಳೀಗ ಕಾಲೇಜಿಗೆ ಹೋಗುತ್ತಾಳೆ, ರಬ್ಬರನ್ನು ಮಾತ್ರ ಮರೆತಿಲ್ಲ.

ಇನ್ನು ಭಾಮೈದ. ನನ್ನವಳಿಗೆ ಒಡಹುಟ್ಟಿದವನು ಅಂತ ಇರುವವನು ಅವನೊಬ್ಬನೇ. ಮದುವೆಯಾಗಿಲ್ಲ. ಒಂದು ಬಾಡಿಗೆ ಕೋಣೆ, ಒಂದು ಮುದಿ ವ್ಯಾನು. ಮನೆ ಬದಲಾಯಿಸುವವರ ಮಂಚ, ಬೀರು ಸಾಗಿಸುವುದು ಅವನ ಕೆಲಸ. ಪ್ರತಿ ಭಾನುವಾರ ನಮ್ಮಲ್ಲಿ ಊಟ. ಅವನಿಗಿಂತ ಮೊದಲು ಬೀದಿಯ ತುದಿಯಿಂದ ವ್ಯಾನಿನ ಕೆಮ್ಮು ಬರುತ್ತಿತ್ತು. ಅದನ್ನು ಕೇಳಿಯೇ ನನ್ನ ಹೆಂಡತಿ ನಾಲ್ಕನೆಯ ತಟ್ಟೆ ಇಡುತ್ತಿದ್ದಳು.

ಊಟದ ಹೊತ್ತಿಗೆ ಅವರು ಮೂವರೂ ಒಂದು ಆಟ ಆಡುತ್ತಿದ್ದರು. ವಾರಕ್ಕೊಬ್ಬರಿಗೆ ನೂರು ಕೋಟಿ ಬರುತ್ತದೆ. ಉಳಿದವರು ತಮಗೆ ಬೇಕಾದದ್ದು ಕೇಳಬೇಕು, ಶ್ರೀಮಂತರಾದವರು ‘ತಗೋ’ ಅನ್ನಬೇಕು. ಅಷ್ಟೇ ಆಟ. ಹೆಂಡತಿಯ ಸರದಿ ಬಂದಾಗ ಬೀದಿಗೆಲ್ಲ ಮನೆ ಕಟ್ಟಿಸಿಕೊಟ್ಟಳು. ಮಗಳು ಒಂದು ದ್ವೀಪ ಕೊಂಡು ಅದಕ್ಕೆ ಸೇತುವೆಯನ್ನೂ ಹಾಕಿಸಿದಳು. ಭಾಮೈದನಿಗೆ ನೂರು ಕೋಟಿ ಬಂದ ದಿನ ನಾನು ಏನೂ ಕೇಳದೆ ಊಟ ಮಾಡುತ್ತಿದ್ದೆ. ಅವನೇ, “ಭಾವನಿಗೆ ಆ ಜಾಲರಿಯಿಂದ ಬಿಡುಗಡೆ, ಜೊತೆಗೆ ಕೈಯಿಟ್ಟುಕೊಳ್ಳೋ ಕುರ್ಚಿ, ಒಂದು ತೋಟ” ಅಂದ. “ತೋಟಕ್ಕೆ ನೀರು ಹಾಕೋರು ಯಾರು?” ಎಂದು ನಾನು ಗೊಣಗಿದೆ. “ಮಾಲೀನೂ ಕೊಟ್ಟೆ, ತಗೊಳಿ” ಅಂದ ಪುಣ್ಯಾತ್ಮ.

ಆ ದರಿದ್ರ ಭಾನುವಾರ ನನ್ನ ಹೆಂಡತಿಗೆ ಅದೇನಾಯಿತೋ, “ಇವತ್ತು ನೀವೇ ಶ್ರೀಮಂತರು” ಎಂದು ನನಗೆ ಪಟ್ಟ ಕಟ್ಟಿದಳು. ನಾನು ಬೇಡ ಬೇಡ ಎನ್ನುತ್ತಲೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ.

“ನಂಗೊಂದು ದೊಡ್ಡ ಅಡುಗೆಮನೆ” ಅಂದಳು ಅವಳು.

“ಇರೋದಕ್ಕೆ ಏನಾಗಿದೆ?”

“ನಾನು ಪ್ರಪಂಚ ಸುತ್ತಬೇಕು ಅಪ್ಪಾ!”

“ಅರ್ಧ ಪ್ರಪಂಚಕ್ಕೆ ಮಂಜೂರು. ಹೋಗಿ ಬಂದ ಟಿಕೆಟ್ ಒಪ್ಪಿಸಿದ್ಮೇಲೆ ಉಳಿದರ್ಧ.”

ಇಬ್ಬರೂ ನಕ್ಕರು. ನನಗೆ ಹುರುಪು ಬಂತು. ಜೀವಮಾನದಲ್ಲಿ ಮೊದಲ ಬಾರಿ ಮನೆಯವರು ನನ್ನ ಮಾತಿಗೆ ನಗುತ್ತಿದ್ದರು. ಆಮೇಲೆ ಭಾಮೈದ ತಟ್ಟೆ ನೋಡಿಕೊಂಡೇ ಕೇಳಿದ: “ನಂಗೊಂದು ವ್ಯಾನ್ ಸಾಕು ಭಾವ. ಹೊಸದೇ ಆಗ್ಬೇಕಂತಿಲ್ಲ, ಇಂಜಿನ್ ಒಂದು ಸರಿಯಿದ್ರೆ ಆಯ್ತು.”

“ಮೊದಲು ಹಳೇ ವ್ಯಾನ್ ಒಪ್ಪಿಸು.”

“ಅದನ್ನ ಕೊಟ್ಬಿಟ್ರೆ ಹೊಸದು ಬರೋ ತನಕ ದುಡಿಯೋದು ಹೇಗೆ ಭಾವ?”

ನಾನು ಅಲ್ಲೇ ಎಚ್ಚರಾಗಬೇಕಿತ್ತು. ನೂರು ಕೋಟಿಯ ಆಟದಲ್ಲಿ ನಾಳಿನ ದುಡಿಮೆಯ ಚಿಂತೆ ಯಾರಾದರೂ ಮಾಡುತ್ತಾರೆಯೇ? ಆದರೆ ಅಧಿಪತಿಯ ತಲೆಗೆ ಅಧಿಕಾರ ಏರಿಬಿಟ್ಟಿತ್ತು.

“ಹಾಗಾದ್ರೆ ಅರ್ಜಿ ಹಾಕು. ತಾಂತ್ರಿಕ ಸಮಿತಿ ಬಂದು ವಾಹನ ಪರಿಶೀಲಿಸಿ ವರದಿ ಕೊಡಲಿ.”

“ಬರೀ ಇಂಜಿನ್ ಆದ್ರೂ...”

“ಬಿಡಿಭಾಗ ಪ್ರತ್ಯೇಕವಾಗಿ ಕೊಡೋ ಪದ್ಧತಿ ಇಲ್ಲ!”

ಈ ಸಲ ನಕ್ಕವನು ನಾನೊಬ್ಬನೇ. ಭಾಮೈದ ಅರ್ಧ ಊಟಕ್ಕೇ ಎದ್ದ. “ಇಲ್ಲದಿರೋ ದುಡ್ಡು ಕೊಡೋಕೂ ನಿಮಗೆ ಇಷ್ಟು ಕಷ್ಟಾನಾ ಭಾವ?” ಎಂದವನು ಕೈ ತೊಳೆದು ಹೊರಗೆ ಹೋದ. ವ್ಯಾನು ಸ್ಟಾರ್ಟ್ ಆಗಲಿಲ್ಲ. ಮಗಳು ಹಿಂದಿನಿಂದ ತಳ್ಳಿದಳು, ಎದುರುಮನೆಯವರು ತಳ್ಳಿದರು. ನಾನು ಬಾಗಿಲಲ್ಲಿ ನಿಂತು, “ಇದನ್ನೂ ಸಮಿತಿಯ ಗಮನಕ್ಕೆ ತರ್ತೀನಿ!” ಎಂದು ಕೂಗಿದೆ. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಅಂದಿನಿಂದ ಹೆಂಡತಿ ನನ್ನೊಂದಿಗೆ ಮಾತು ಬಿಟ್ಟಳು. ಏನು ಹೇಳುವುದಿದ್ದರೂ ಮಗಳ ಮೂಲಕ. ಮುಂದಿನ ಭಾನುವಾರ ಬೀದಿಯಲ್ಲಿ ಕೆಮ್ಮು ಕೇಳಲಿಲ್ಲ. ಆದರೂ ಅವಳು ನಾಲ್ಕನೆಯ ತಟ್ಟೆ ಇಟ್ಟಳು. ಅನ್ನಿಸಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ನಾನೇ ಶುರು ಮಾಡಿದೆ.

“ನಿಮ್ಮಮ್ಮನಿಗೆ ಹೇಳು, ಆಟದ ಮಾತಿಗೆ ಮುನಿಸ್ಕೊಳ್ಳೋನು ಗಂಡಸೇ ಅಲ್ಲ ಅಂತ.”

“ನಿಮ್ಮಪ್ಪನಿಗೆ ಹೇಳು, ಅವನು ಆಟ ಆಡ್ತಿರ್ಲಿಲ್ಲ ಅಂತ. ಇಂಜಿನ್ ಹೋಗಿದೆ, ರಿಪೇರಿಗೆ ಅರ್ಧ ದುಡ್ಡು ಕಡಿಮೆ ಬಿದ್ದಿತ್ತು. ಕೇಳೋಕೆ ನಾಚಿಕೆ ಅಂತ ನನ್ನ ಹತ್ರ ಒದ್ದಾಡ್ದ. ನಾನೇ ಹೇಳ್ದೆ, ಅವರನ್ನ ಶ್ರೀಮಂತರು ಮಾಡಿ ಕೂರಿಸ್ತೀನಿ, ಕೊಡೋ ಮನಸ್ಸಲ್ಲಿರ್ತಾರೆ, ಆಗ ಮೆಲ್ಲಗೆ ಕೇಳು ಅಂತ.”

ನಾನು ಮಗಳ ಕಡೆ ತಿರುಗಿದೆ. “ನೇರವಾಗಿ ಕೇಳ್ಬಹುದಿತ್ತಲ್ಲ ಅಂತ ಹೇಳು!”

“ನೇರವಾಗಿ ಕೇಳಿದೋರಿಗೆ ಏನು ಸಿಕ್ಕಿದೆ ಅಂತ ನೀನೇ ಹೇಳಮ್ಮ.”

“ರಬ್ಬರ್ ಸಿಕ್ಕಿಲ್ಲ” ಅಂದಳು ಮಗಳು, ನಗದೆ. “ಇಬ್ರೂ ಒಂದೇ ಮೇಜಿನ ಮುಂದೆ ಕೂತಿದ್ದೀರಿ. ನನ್ನನ್ನ ಯಾಕೆ ಟಪಾಲು ಮಾಡ್ತೀರಿ?”

ಸೋಮವಾರ ನಾನು ಬ್ಯಾಂಕಿಗೆ ಹೋದೆ. ರಿಟೈರ್ ಆದ ಮೇಲೆ ಇರಲಿ ಎಂದು ಇಟ್ಟಿದ್ದರಲ್ಲಿ ಇಂಜಿನ್ನಿಗೆ ಬೇಕಾದಷ್ಟು ತೆಗೆದೆ. ಅರ್ಧವಲ್ಲ, ಪೂರ್ತಿ. ದಾರಿಯುದ್ದಕ್ಕೂ ‘ತಗೋ’ ಎಂದು ಹೇಳಿ ಅಭ್ಯಾಸ ಮಾಡಿಕೊಂಡೆ. ಎರಡಕ್ಷರ, ಅಷ್ಟು ಕಷ್ಟವೇನೂ ಇರಲಿಲ್ಲ. ಅವನ ಕೋಣೆಗೆ ಬೀಗ ಹಾಕಿತ್ತು. ವ್ಯಾನು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು.

“ಗುಜರಿಗೆ ಹಾಕ್ಬಿಟ್ನಲ್ಲ ಪಾಪ, ಶುಕ್ರವಾರಾನೇ” ಎಂದರು ಮನೆ ಮಾಲೀಕರು. “ತಗೊಂಡು ಹೋಗುವಾಗ ಮುಖ ಆ ಕಡೆ ಮಾಡ್ಕೊಂಡು ನಿಂತಿದ್ದ. ಎಲ್ಲೋ ಡ್ರೈವರ್ ಕೆಲಸ ಸಿಕ್ತಂತೆ.”

ನೂರು ಕೋಟಿ ಇದ್ದಾಗ ಕೊಡದವನು, ಇದ್ದ ನಾಲ್ಕು ಕಾಸು ಹಿಡಿದುಕೊಂಡು ಬಂದಿದ್ದೆ. ಅದನ್ನು ವಾಪಸ್ ಕಟ್ಟಲು ಹೋದರೆ ಬ್ಯಾಂಕಿನವನು, “ಬೆಳಿಗ್ಗೆ ತಾನೆ ತಗೊಂಡ್ರಲ್ಲ, ಏನಾಯ್ತು?” ಎಂದು ಕೇಳಿದ.

ಅದೇ ವಾರ, ಕಿಟಕಿಯ ಮುಂದೆ ಎಂದಿನಂತೆ ಸಾಲು. ನಾನು ಒಂದು ಹರಿದ ದಿಂಬಿನ ಕವರಿನ ತನಿಖೆಯಲ್ಲಿದ್ದೆ. “ಆಂಬುಲೆನ್ಸಿಗೆ ಒರೆಸೋ ಬಟ್ಟೆ ಒಂದು ಬೇಕಿತ್ತು” ಎಂಬ ದನಿ ಕೇಳಿ ತಲೆ ಎತ್ತಿದರೆ, ಜಾಲರಿಯ ಆಚೆ ಆಸ್ಪತ್ರೆಯ ನೀಲಿ ಸಮವಸ್ತ್ರದಲ್ಲಿ ನನ್ನ ಭಾಮೈದ!

ಕೈಗೆ ಸಿಕ್ಕಷ್ಟು ಬಟ್ಟೆ ಬಾಚಿ ಕಿಟಕಿಯಿಂದ ತಳ್ಳಿದೆ. ಬಕೆಟ್ ತಳ್ಳಿದೆ. ಕೇಳದಿದ್ದರೂ ಎರಡು ಸೋಪು ತಳ್ಳಿದೆ. “ತಗೋ” ಅಂದೆ. ಸಾಲಿನಲ್ಲಿದ್ದ ಆಯಾ ಬಾಯಿ ಬಿಟ್ಟುಕೊಂಡು ಬೋರ್ಡು ನೋಡಿದಳು. ಅಷ್ಟು ವರ್ಷದ ಸರ್ವಿಸಿನಲ್ಲಿ ನಾನು ಹಳೆಯದನ್ನು ಕೇಳದಿದ್ದದ್ದು ಅದೇ ಮೊದಲು.

ಭಾಮೈದ ಒಂದು ಬಟ್ಟೆ ಮಾತ್ರ ತೆಗೆದುಕೊಂಡ. ಒಗೆದು ಮಡಿಚಿದ್ದ ಹಳೆಯ ಬಟ್ಟೆಯನ್ನು ಜೇಬಿನಿಂದ ತೆಗೆದು ನನ್ನ ಮುಂದಿಟ್ಟ.

“ನೋಡ್ಕೊಳ್ಳಿ ಸಾರ್, ಪೂರ್ತಿ ಇದೆ.”

“ಸಾರ್ ಏನೋ, ಸಾರ್? ಭಾವ ಅನ್ನೋ!”

“ಭಾವ ಅನ್ನೋದನ್ನ ಆ ಭಾನುವಾರಾನೇ ಒಪ್ಪಿಸಿಬಿಟ್ಟೆ ಸಾರ್” ಎಂದ, ಕೋಪವಿಲ್ಲದೆ. “ಇದು ಹೊಸದು.”

“ಊಟಕ್ಕಾದ್ರೂ ಬಾರೋ. ನಿಮ್ಮಕ್ಕ ತಟ್ಟೆ ಇಟ್ಕೊಂಡು ಕಾಯ್ತಾಳೆ.”

“ಅಕ್ಕನ್ನ ನೋಡೋಕೆ ಬರ್ತೀನಿ. ಭಾನುವಾರ ಡ್ಯೂಟಿ ಇರುತ್ತೆ” ಎಂದು ಹೋದ. ಆಯಾ ತನ್ನ ಮೋಟು ಪೊರಕೆಯನ್ನು ಮುಂದಿಟ್ಟಳು. ನಾನು ಅದನ್ನು ತಿರುಗಿಸಿಯೂ ನೋಡದೆ ಹೊಸದು ಕೊಟ್ಟೆ.

ಸಂಜೆ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದೆ. ಬ್ಯಾಂಕಿನದ್ದು, ಎಣ್ಣೆ ಕಲೆಯದ್ದು, ಒರೆಸುವ ಬಟ್ಟೆಯದ್ದು, ಒಂದನ್ನೂ ಬಿಡಲಿಲ್ಲ. ಅವನು ನನ್ನನ್ನು ‘ಸಾರ್’ ಅಂದದ್ದನ್ನೂ ಬಿಡಲಿಲ್ಲ. ಅವಳು ಒಲೆಯ ಕಡೆ ಮುಖ ಮಾಡಿಕೊಂಡೇ ಕೇಳಿಸಿಕೊಂಡಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಕರಗಿದಳು, ಇನ್ನು ನೇರವಾಗಿ ಮಾತಾಡುತ್ತಾಳೆ ಎಂದು ನಾನು ಕಾದೆ. ಮಗಳೂ ಪುಸ್ತಕ ಮಡಿಚಿ ಕಾದಳು.

ಹೆಂಡತಿ ನಿಜವಾಗಿಯೂ ನನ್ನ ಕಡೆ ತಿರುಗಿದಳು. ಅಷ್ಟು ದಿನಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು.

“ಊಟಕ್ಕೆ ಬನ್ನಿ, ಸಾರ್.”